ಮನೆಯಲ್ಲೇ ಉದ್ಯೋಗ, ಕೈಯಲ್ಲಿ ಬಂಡವಾಳ ಇಲ್ಲ: ಸಂಘದ ಸಾಲವೋ, ಫಿನಾನ್ಸೋ, ಬ್ಯಾಂಕೋ, ಚಿನ್ನದ ಅಡವೋ?

ರೊಟ್ಟಿ ಬಡಿದು ಖಾನಾವಳಿಗೆ ಕೊಡುವವರು, ಮನೆಯಲ್ಲೇ ಬ್ಲೌಸ್ ಹೊಲಿಯುವವರು, ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವರು, ಸಂಜೆ ಗಾಡಿಯಲ್ಲಿ ಗಿರ್ಮಿಟ್ಟು ಮಿರ್ಚಿ ಮಾರುವವರು. ಸಾಲ ತೆಗೆಯುವ ಮುಂಚೆ ಇವರೆಲ್ಲ ಕೇಳುವ ಪ್ರಶ್ನೆ ಒಂದೇ: "ಬಡ್ಡಿ ಎಲ್ಲಿ ಕಡಿಮೆ?" ಕೇಳಬೇಕಾದ ಪ್ರಶ್ನೆಯೇ, ಆದರೆ ಅದು ಎರಡನೆಯದು. ನಿಮ್ಮ ಕೈಗೆ ದುಡ್ಡು ಯಾವಾಗ ಬರುತ್ತದೆ, ಕಂತು ಯಾವಾಗ ಹೋಗುತ್ತದೆ ಅನ್ನುವುದನ್ನು ಮೊದಲು ನೋಡಬೇಕು. ಇವೆರಡೂ ಹೊಂದದಿದ್ದರೆ ಕಡಿಮೆ ಬಡ್ಡಿಯ ಸಾಲವೂ ಕುತ್ತಿಗೆಗೆ ಬರುತ್ತದೆ.

ದುಡ್ಡು ಬರುವ ಹೊತ್ತು

ಗಾಡಿ ವ್ಯಾಪಾರದಲ್ಲಿ ದುಡ್ಡು ದಿನಾ ಬರುತ್ತದೆ. ಅಲ್ಲಿ ವಾರದ ಕಂತು ಅಷ್ಟೇನೂ ಭಾರ ಅನ್ನಿಸುವುದಿಲ್ಲ. ಹೊಲಿಗೆಯಲ್ಲಿ ಹಾಗಲ್ಲ. ದಸರಾ, ದೀಪಾವಳಿ, ಮದುವೆ ಸೀಸನ್ನಿನಲ್ಲಿ ರಾತ್ರಿ ಹನ್ನೆರಡರವರೆಗೆ ಮಷಿನ್ ಓಡುತ್ತದೆ. ಆಷಾಢ ಬಂತೆಂದರೆ ಸೀರೆಗೆ ಫಾಲ್ಸ್ ಹಾಕಿಸಲೂ ಯಾರೂ ಬರುವುದಿಲ್ಲ. ರೊಟ್ಟಿ ದಿನಾ ಹೋದರೂ ಎಷ್ಟೋ ಖಾನಾವಳಿಯವರು ಲೆಕ್ಕ ಮುಗಿಸುವುದು ತಿಂಗಳಿಗೊಮ್ಮೆ.

ಹಸುವಿನದು ಇನ್ನೂ ಬೇರೆ ಕಥೆ. ಡೇರಿಯ ಬಟವಾಡೆ ಸರಿಯಾಗಿ ಬರುತ್ತದೆ, ನಿಜ. ಆದರೆ ಗಬ್ಬದ ಹಸು ಕರು ಹಾಕುವ ಮುಂಚಿನ ಎರಡು ತಿಂಗಳು ಹಾಲು ಬತ್ತಿಸಲೇಬೇಕು. ಆಗಲೂ ಮೇವು, ಹಿಂಡಿ, ಬೂಸಾ ಖರ್ಚು ಇದ್ದೇ ಇರುತ್ತದೆ. ಹಸು ಬತ್ತಿದೆ ಅಂತ ಕಂತಿನವರು ಸುಮ್ನಿರುತ್ತಾರಾ?

ಕೋಲ್ಕತ್ತದಲ್ಲಿ ಅರ್ಥಶಾಸ್ತ್ರಜ್ಞರು ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಕೆಲವು ಮಹಿಳೆಯರಿಗೆ ಮೈಕ್ರೋಫೈನಾನ್ಸಿನ ಎಂದಿನ ಪದ್ಧತಿಯಂತೆ ಸಾಲ ಕೊಟ್ಟ ಎರಡು ವಾರಕ್ಕೇ ಕಂತು ಶುರು ಮಾಡಿದರು. ಉಳಿದವರಿಗೆ ಎರಡು ತಿಂಗಳು ಬಿಟ್ಟುಕೊಟ್ಟರು. ಬಿಡುವು ಸಿಕ್ಕವರು ಸಾಲದ ದುಡ್ಡಿನಲ್ಲಿ ಜಾಸ್ತಿ ಪಾಲನ್ನು ವ್ಯಾಪಾರಕ್ಕೆ ಹಾಕಿದರು. ಮೂರು ವರ್ಷದ ನಂತರ ಅವರ ಲಾಭವೂ ಜಾಸ್ತಿ ಇತ್ತು. ಅದೇ ಗುಂಪಿನಲ್ಲಿ ಸಾಲ ತೀರಿಸದವರೂ ಜಾಸ್ತಿ ಇದ್ದರು. ಹಾಗಾಗಿ ಸಂಸ್ಥೆಗಳು ಬಿಡುವು ಕೊಡಲು ಹಿಂದೆ ಮುಂದೆ ನೋಡುತ್ತವೆ. ಕೊಡುವವರ ಕಷ್ಟ ಏನೇ ಇರಲಿ, ಕೊಳ್ಳುವ ವಸ್ತು ದುಡಿಯಲು ತಿಂಗಳುಗಟ್ಟಲೆ ಬೇಕು ಅಂತಾದರೆ ಕಂತಿಗೆ ಬಿಡುವು ಕೇಳುವುದು ನಿಮ್ಮ ಹಕ್ಕು ಅಂದುಕೊಂಡೇ ಕೇಳಿ.

ಬಡ್ಡಿಯ ಲೆಕ್ಕ, ಒಮ್ಮೆ ಕಾಗದದ ಮೇಲೆ

50,000 ರೂಪಾಯಿ ಸಾಲ, ಎರಡು ವರ್ಷ, ವರ್ಷಕ್ಕೆ ಶೇ. 12 ಬಡ್ಡಿ ಅಂದುಕೊಳ್ಳಿ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿದರೆ ತಿಂಗಳ ಕಂತು ಸುಮಾರು 2,354. ಎರಡು ವರ್ಷದ ಬಡ್ಡಿ 6,500ರ ಹತ್ತಿರ. ಇದೇ ಶೇ. 12ನ್ನು 'ಫ್ಲಾಟ್' ಅಂತ ಹಾಕಿದರೆ ಕಥೆ ಬದಲಾಗುತ್ತದೆ. ಅಸಲು ತಿಂಗಳು ತಿಂಗಳು ಕರಗುತ್ತಿದ್ದರೂ ಪೂರ್ತಿ 50,000ಕ್ಕೇ ಕೊನೆಯವರೆಗೂ ಬಡ್ಡಿ ಕಟ್ಟುತ್ತೀರಿ. ಕಂತು 2,583, ಬಡ್ಡಿ 12,000. ಅಂದರೆ ನಿಜವಾದ ದರ ಶೇ. 21.5ರ ಆಸುಪಾಸು. ಎರಡೂ ಕಡೆ ಬಾಯಲ್ಲಿ ಹೇಳುವುದು "ನೂರಕ್ಕೆ ಒಂದು ರೂಪಾಯಿ" ಅಂತಲೇ!

ಉಳಿದ ಅಸಲಿನ ಮೇಲೆ ಶೇ. 24 ಆದರೆ ಕಂತು 2,644, ಬಡ್ಡಿ 13,450ರ ಹತ್ತಿರ. ಮೈಕ್ರೋಫೈನಾನ್ಸ್ ಸಾಲಗಳು ಸಾಮಾನ್ಯವಾಗಿ ಇದರ ಹತ್ತಿರ ಹತ್ತಿರ ಇರುತ್ತವೆ. ಇನ್ನು ಊರಿನ ಬಡ್ಡಿ ವ್ಯವಹಾರದವರು ನೂರಕ್ಕೆ ಮೂರು ಅಂದರೆ ತಿಂಗಳಿಗೆ 1,500 ಬರೀ ಬಡ್ಡಿ. ಎರಡು ವರ್ಷಕ್ಕೆ 36,000 ಕಟ್ಟಿದ ಮೇಲೂ 50,000 ಅಸಲು ಹಾಗೇ ನಿಂತಿರುತ್ತದೆ. ಮೀಟರ್ ಬಡ್ಡಿಯ ಬಗ್ಗೆ ಇಲ್ಲಿ ಇಷ್ಟೇ ಸಾಕು. ಅದನ್ನು ನಾನು ಆಯ್ಕೆ ಅಂತಲೇ ಎಣಿಸುವುದಿಲ್ಲ.

2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫಿನಾನ್ಸ್ ಕಂಪನಿಗಳು ಸಾಲ ಕೊಡುವ ಮುಂಚೆ ಎಲ್ಲ ಶುಲ್ಕವನ್ನೂ ಸೇರಿಸಿದ ವಾರ್ಷಿಕ ದರ ಬರೆದ ಒಂದು ಹಾಳೆ ಕೊಡಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ನಿಮಗೆ ಅರ್ಥವಾಗುವ ಭಾಷೆಯಲ್ಲೇ ಅದು ಇರಬೇಕು. ಪ್ರೊಸೆಸಿಂಗ್ ಶುಲ್ಕ, ವಿಮೆ ಅಂತ ಮುರಿದುಕೊಂಡು ಕೈಗೆ ನಿಜವಾಗಿ ಎಷ್ಟು ಬರುತ್ತದೆ ಅಂತ ಆ ಹಾಳೆಯಲ್ಲಿ ನೋಡಿ. ಹಾಳೆ ಕೊಡುವುದಿಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ.

ಸಂಘ

ಕರ್ನಾಟಕದವರಿಗೆ ಸಂಘ ಹೊಸದಲ್ಲ. ದೇಶದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗ ಹತ್ತಿರದ ಕಣಗಿನಹಾಳದಲ್ಲಿ. ಮಹಿಳಾ ಸಂಘಗಳ ಈಗಿನ ರೂಪದ ಹಿಂದೆ 1980ರ ದಶಕದಲ್ಲಿ ಮೈರಾಡ ಸಂಸ್ಥೆ ನಮ್ಮ ಹಳ್ಳಿಗಳಲ್ಲಿ ಮಾಡಿದ ಕೆಲಸ ಇದೆ. 1992ರಲ್ಲಿ ಗ್ರಾಮೀಣಾಭಿವೃದ್ಧಿಯ ಬ್ಯಾಂಕಾದ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. ಈಗ ಹಳ್ಳಿಗಳಲ್ಲಿ ಎಷ್ಟೋ ಸಂಘಗಳು ಗ್ರಾಮೀಣ ಜೀವನೋಪಾಯ ಯೋಜನೆಯ ಸಂಜೀವಿನಿ ಒಕ್ಕೂಟದ ಅಡಿಯಲ್ಲಿವೆ.

ಸಂಘದ ಸಾಲದಲ್ಲಿ ಜನ ಗಮನಿಸದ ಒಂದು ಸಂಗತಿ ಇದೆ. ಉಳಿತಾಯದ ದುಡ್ಡಿನಿಂದ ಸದಸ್ಯರಿಗೆ ಕೊಡುವ ಸಾಲಕ್ಕೆ ಎಷ್ಟೋ ಸಂಘಗಳು ನೂರಕ್ಕೆ ಎರಡು ರೂಪಾಯಿ ಬಡ್ಡಿ ಹಾಕುತ್ತವೆ. ಅಂದರೆ ಅದೂ ವರ್ಷಕ್ಕೆ ಶೇ. 24. "ಹಾಗಾದರೆ ಫಿನಾನ್ಸಿಗೂ ಇದಕ್ಕೂ ಏನು ವ್ಯತ್ಯಾಸ?" ಅಂತ ಕೇಳುವವರಿದ್ದಾರೆ. ವ್ಯತ್ಯಾಸ ಬಡ್ಡಿ ಎಲ್ಲಿಗೆ ಹೋಗುತ್ತದೆ ಅನ್ನುವುದರಲ್ಲಿದೆ. ಸಂಘದ ಬಡ್ಡಿ ಸಂಘದ ನಿಧಿಗೇ ಸೇರುತ್ತದೆ. ಅದರಲ್ಲಿ ನಿಮ್ಮ ಪಾಲೂ ಇದೆ. ಮುಂದೆ ಬ್ಯಾಂಕು ಸಂಘಕ್ಕೆ ಎಷ್ಟು ಸಾಲ ಕೊಡಬೇಕು ಅಂತ ತೂಗುವಾಗ ನೋಡುವುದೂ ಆ ನಿಧಿಯನ್ನೇ. ಬ್ಯಾಂಕಿನಿಂದ ಬರುವ ಸಾಲದ ದರ ಇನ್ನೂ ಕಡಿಮೆ. ಗ್ರಾಮೀಣ ಜೀವನೋಪಾಯ ಯೋಜನೆಯ ಮಹಿಳಾ ಸಂಘಗಳಿಗೆ 3 ಲಕ್ಷದವರೆಗೆ ಶೇ. 7ರ ದರ ಇದೆ. ಸಂಘಕ್ಕೆ 10 ಲಕ್ಷದವರೆಗೆ ಯಾವ ಅಡಮಾನವನ್ನೂ ಬ್ಯಾಂಕು ಕೇಳುವಂತಿಲ್ಲ.

ತೊಂದರೆಗಳೂ ಇವೆ. ಶುರುವಿನಲ್ಲಿ ಸಿಗುವ ಮೊತ್ತ ಸಣ್ಣದು. ಬ್ಯಾಂಕಿನ ಮೊದಲ ಸಾಲವನ್ನು ಎಲ್ಲರೂ ಹಂಚಿಕೊಂಡರೆ ತಲೆಗೆ ಹತ್ತು ಹದಿನೈದು ಸಾವಿರ ಬಂದರೆ ಹೆಚ್ಚು. ಹೆಚ್ಚು ಹಾಲು ಕೊಡುವ ಎಚ್‌ಎಫ್ ತಳಿಯ ಒಂದು ಹಸುವಿಗೆ ಅದು ಎಲ್ಲಿ ಸಾಲುತ್ತದೆ? ಹಾಗಾಗಿ ಎಲ್ಲರಿಗೂ ಸಮ ಹಂಚುವ ಸಂಘಕ್ಕಿಂತ, ಉದ್ಯೋಗ ಮಾಡುವ ಇಬ್ಬರಿಗೆ ಈ ಸಲ ಜಾಸ್ತಿ ಕೊಟ್ಟು ಉಳಿದವರು ಮುಂದಿನ ಸಲ ತೆಗೆದುಕೊಳ್ಳುವ ಸಂಘ ನಮಗೆ ಬೇಕು. ಅಂಥ ಮಾತು ಸಭೆಯಲ್ಲಿ ಒಪ್ಪಿಗೆಯಾಗಬೇಕಾದರೆ ಪರಸ್ಪರ ನಂಬಿಕೆ ಬೇಕು, ಲೆಕ್ಕದ ಪುಸ್ತಕ ನೆಟ್ಟಗಿರಬೇಕು. ಸೇರುವ ಮುಂಚೆ ಮುಲಾಜಿಲ್ಲದೆ ಪುಸ್ತಕ ಕೇಳಿ. ಪ್ರತಿನಿಧಿಯ ಮನೆಯ ಬೀರುವಿನಲ್ಲೇ ಇದ್ದು ಯಾರಿಗೂ ಕಾಣದ ಪುಸ್ತಕ ಇರುವ ಸಂಘ ಬೇಡ. ಹೆಚ್ಚಿನ ಮೊತ್ತ ಬೇಕಾದಾಗ ಒಕ್ಕೂಟದ ಸಮುದಾಯ ಬಂಡವಾಳ ನಿಧಿಯನ್ನೂ ವಿಚಾರಿಸಿ. ಒಕ್ಕೂಟದ ಲೆಕ್ಕ ಬರೆಯುವ ಎಂಬಿಕೆ ಅಕ್ಕನಿಗೆ ಅದರ ಎಲ್ಲ ವಿವರ ಗೊತ್ತಿರುತ್ತದೆ.

ಧರ್ಮಸ್ಥಳ ಯೋಜನೆಯ ಸಂಘಗಳದು ಸ್ವಲ್ಪ ಬೇರೆ ವ್ಯವಸ್ಥೆ. ಅಲ್ಲಿ ಸಾಲ ಬ್ಯಾಂಕಿನದು, ಯೋಜನೆ ಬ್ಯಾಂಕಿನ ಪ್ರತಿನಿಧಿಯಾಗಿ ಕೆಲಸ ಮಾಡುತ್ತದೆ, ಕಂತು ವಾರಕ್ಕೊಮ್ಮೆ. ಹಾಗಾಗಿ ಅದನ್ನು ತೂಗುವಾಗ ಮೊದಲೇ ಹೇಳಿದ ವಾರದ ಕಂತಿನ ಮಾತು ಇಲ್ಲಿಗೂ ಸೇರುತ್ತದೆ.

ಮೈಕ್ರೋಫೈನಾನ್ಸ್

ಫಿನಾನ್ಸಿನವರನ್ನು ಬೈಯುವುದು ಸುಲಭ. ಆದರೆ ಜನ ಯಾಕೆ ಅಲ್ಲಿಗೆ ಹೋಗುತ್ತಾರೆ ಅಂತಲೂ ಯೋಚಿಸಬೇಕು. ಮನೆ ಬಾಗಿಲಿಗೆ ಬರುತ್ತಾರೆ. ಆಧಾರ್, ವೋಟರ್ ಕಾರ್ಡ್ ಇದ್ದರೆ ಬಹುಪಾಲು ಕೆಲಸ ಮುಗಿಯಿತು. ಜಮೀನು ಯಾರ ಹೆಸರಲ್ಲಿದೆ, ಗಂಡ ಸಹಿ ಹಾಕುತ್ತಾನಾ ಅಂತ ನಾಲ್ಕು ಸಲ ಓಡಾಡಿಸುವುದಿಲ್ಲ. ಬ್ಯಾಂಕಿನ ಮೆಟ್ಟಿಲಲ್ಲಿ ಅವಮಾನ ಪಟ್ಟವರಿಗೆ ಇದು ದೊಡ್ಡ ವಿಷಯವೇ.

2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮಗಳು ನಿಮ್ಮ ಪರವಾಗಿಯೇ ಇವೆ. ವರ್ಷಕ್ಕೆ 3 ಲಕ್ಷದವರೆಗೆ ವರಮಾನ ಇರುವ ಮನೆಗೆ ಅಡಮಾನ ಇಲ್ಲದೆ ಕೊಡುವ ಸಾಲ ಮೈಕ್ರೋಫೈನಾನ್ಸ್ ಸಾಲ. ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ವರಮಾನದ ಅರ್ಧ ದಾಟುವ ಹಾಗೆ ಸಾಲ ಕೊಡಬಾರದು. ಬೇಗ ತೀರಿಸಿದರೆ ದಂಡ ಹಾಕುವಂತಿಲ್ಲ. ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬಡ್ಡಿಗೆ ಮಾತ್ರ ಮೇಲ್ಮಿತಿ ಇಲ್ಲ. ಅದನ್ನು ಅದೇ ನಿಯಮಗಳಲ್ಲಿ ತೆಗೆದುಹಾಕಲಾಯಿತು.

ಕಾಗದದ ಮೇಲೆ ಎಲ್ಲ ಚೆನ್ನಾಗಿದೆ, ಅಲ್ವಾ? ಹಾಗಿದ್ದರೂ 2025ರ ಶುರುವಿನಲ್ಲಿ ರಾಜ್ಯದ ಹಲವು ಜಿಲ್ಲೆಗಳಿಂದ ವಸೂಲಿ ಕಿರುಕುಳದ, ಮನೆ ಬಿಟ್ಟು ಹೋದವರ, ಪ್ರಾಣ ಕಳೆದುಕೊಂಡವರ ಸುದ್ದಿ ಬಂತು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ ಮಾಡಿತು. ಕಿರುಕುಳ ಒಂದು ಕಡೆ. ಇನ್ನೊಂದು ಕಡೆ ಒಂದು ಫಿನಾನ್ಸಿನ ಕಂತು ಕಟ್ಟಲು ಇನ್ನೊಂದರಲ್ಲಿ, ಅದಕ್ಕೆ ಮತ್ತೊಂದರಲ್ಲಿ ಸಾಲ ತೆಗೆಯುವ ಸುಳಿ. ಎರಡನೆಯದಕ್ಕೆ ಬರೀ ಕಾನೂನಿನಿಂದ ಪರಿಹಾರ ಇಲ್ಲ.

ಈ ಸಾಲದಿಂದ ಉದ್ಯೋಗ ನಿಜವಾಗಿ ಬೆಳೆಯುತ್ತದಾ? ಹೈದರಾಬಾದಿನ 104 ಬಡ ಬಡಾವಣೆಗಳಲ್ಲಿ ಇದನ್ನು ಅಳೆದು ನೋಡಿದವರಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಇದ್ದರು. ಅರ್ಧ ಬಡಾವಣೆಗಳಿಗೆ ಮೊದಲು ಮೈಕ್ರೋಫೈನಾನ್ಸ್ ಬಂತು, ಉಳಿದವಕ್ಕೆ ಆಮೇಲೆ. ಮೊದಲೇ ವ್ಯಾಪಾರ ಇದ್ದವರು ಬಂಡವಾಳ ಹೆಚ್ಚಿಸಿಕೊಂಡರು. ಅವರಲ್ಲೂ ಮೊದಲೇ ಚೆನ್ನಾಗಿ ನಡೆಯುತ್ತಿದ್ದವರಿಗೇ ಲಾಭ ಏರಿತು. ಒಟ್ಟಾರೆ ಮನೆಗಳ ಖರ್ಚುವೆಚ್ಚದ ಮಟ್ಟದಲ್ಲಿ ಮಾತ್ರ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ.

ಹಾಗಾಗಿ ನನ್ನ ಮಾತು ಇಷ್ಟು. ಈಗಾಗಲೇ ಗಿರಾಕಿ ಇದ್ದಾರೆ, ಸರಕು ಸಾಲುತ್ತಿಲ್ಲ, ದುಡ್ಡು ವಾರದೊಳಗೆ ತಿರುಗಿ ಬರುತ್ತದೆ ಅನ್ನುವವರಿಗೆ ಫಿನಾನ್ಸ್ ಸಾಲ ಕೆಲಸಕ್ಕೆ ಬರುತ್ತದೆ. ಅದೂ ಒಂದೇ ಕಡೆ. ಹೊಸದಾಗಿ ಉದ್ಯೋಗ ಶುರು ಮಾಡಲು, ಹಸು ಕೊಳ್ಳಲು, ಮಷಿನ್ ಕೊಳ್ಳಲು ಬೇಡ. ಮನೆ ರಿಪೇರಿಗೂ ಸೀಮಂತಕ್ಕೂ 'ಉದ್ಯೋಗ' ಅಂತ ಬರೆಸಿ ತೆಗೆಯುವುದಂತೂ ಬೇಡವೇ ಬೇಡ.

ಬ್ಯಾಂಕು ಮತ್ತು ಸಬ್ಸಿಡಿ

2015ರ ಏಪ್ರಿಲ್ 8ಕ್ಕೆ ಶುರುವಾದ ಮುದ್ರಾ ಯೋಜನೆಯಲ್ಲಿ 50,000ದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ್, 10 ಲಕ್ಷದವರೆಗೆ ತರುಣ್. ಅಡಮಾನ ಬೇಡ. ಮುದ್ರಾ ಅಂದರೆ ಸಬ್ಸಿಡಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ, ಅದು ಪೂರ್ತಿ ತೀರಿಸಬೇಕಾದ ಸಾಲ. "ಮುದ್ರಾ ಮಾಡಿಸಿಕೊಡುತ್ತೇನೆ, ಐದು ಸಾವಿರ ಕೊಡಿ" ಅನ್ನುವ ಏಜೆಂಟರನ್ನು ಯಾವ ಬ್ಯಾಂಕೂ ನೇಮಿಸಿಲ್ಲ.

ಬ್ಯಾಂಕಿನಲ್ಲಿ ಬಡ್ಡಿ ಕಡಿಮೆ, ಕಂತು ತಿಂಗಳಿಗೊಮ್ಮೆ, ಬಿಡುವು ಕೇಳಲೂ ಜಾಗ ಇದೆ. ಕಷ್ಟ ಇರುವುದು ಸಾಲ ಮಂಜೂರು ಆಗುವುದರಲ್ಲಿ. ಹಳೆಯ ಸಾಲದ ದಾಖಲೆ ಇಲ್ಲದವರನ್ನು ಮ್ಯಾನೇಜರು ಅನುಮಾನದಿಂದ ನೋಡುತ್ತಾರೆ. ಇದಕ್ಕೆ ದಾರಿ ಅಂದರೆ ಮೊದಲೇ ನಿಮ್ಮ ವ್ಯಾಪಾರದ ಗುರುತು ಖಾತೆಯಲ್ಲಿ ಮೂಡುವ ಹಾಗೆ ಮಾಡುವುದು. ಫೋನ್‌ಪೇ, ಗೂಗಲ್‌ಪೇ ದುಡ್ಡು ಗಂಡನ ಖಾತೆಗೆ ಹೋಗುತ್ತಿದ್ದರೆ ಇವತ್ತೇ ನಿಮ್ಮ ಖಾತೆಗೆ ಬದಲಾಯಿಸಿ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಉಚಿತ, ಮಾಡಿಸಿಕೊಳ್ಳಿ. ಮಷಿನ್ ಅಂಗಡಿಯಿಂದ ಕೊಟೇಶನ್ ತೆಗೆದುಕೊಂಡು ಹೋಗಿ. ಒಂದು ವರ್ಷದ ಖಾತೆ ಚಲಾವಣೆ ಮುಂದಿಟ್ಟರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಸಬ್ಸಿಡಿ ಬೇಕೆಂದರೆ ಬೇರೆ ಬಾಗಿಲು ತಟ್ಟಬೇಕು. ರಾಜ್ಯದ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿಯಲ್ಲಿ 3 ಲಕ್ಷದವರೆಗಿನ ಸಾಲಕ್ಕೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧ, ಉಳಿದವರಿಗೆ ಶೇ. 30, ಹೆಚ್ಚೆಂದರೆ 90,000 ಸಬ್ಸಿಡಿ. ಆದರೆ ಇಷ್ಟು ಜನಕ್ಕೆ ಕೊಡಬೇಕು ಅನ್ನುವ ಗುರಿ ಕಡಿಮೆ, ಅರ್ಜಿ ಜಾಸ್ತಿ. ಸಿಕ್ಕೇ ಸಿಗುತ್ತದೆ ಅಂತ ನಂಬಿ ಮೊದಲೇ ಕೈಸಾಲ ಮಾಡಿ ಮಷಿನ್ ತರಬೇಡಿ.

ರೊಟ್ಟಿ, ಹಪ್ಪಳ, ಚಟ್ನಿಪುಡಿ, ಉಪ್ಪಿನಕಾಯಿಯವರಿಗೆ 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣೆ ಯೋಜನೆ, ಪಿಎಂಎಫ್‌ಎಂಇ, ಹೇಳಿ ಮಾಡಿಸಿದಂತಿದೆ. ಕೇಂದ್ರದ ಶೇ. 35ರ ಜೊತೆ ಕರ್ನಾಟಕ ಶೇ. 15 ಸೇರಿಸಿದ್ದರಿಂದ ಇಲ್ಲಿ ಸಬ್ಸಿಡಿ ಅರ್ಧಕ್ಕೆ ಮುಟ್ಟುತ್ತದೆ, 15 ಲಕ್ಷದ ಮಿತಿಯೊಳಗೆ. ರೊಟ್ಟಿ ಮಷಿನ್ ಹಾಕಿ ನಾಲ್ಕು ಜನಕ್ಕೆ ಕೆಲಸ ಕೊಡುವ ಯೋಚನೆ ಇದ್ದರೆ ಮೊದಲು ಇದನ್ನು ನೋಡಿ. ಕೃಷಿ ಇಲಾಖೆಯಲ್ಲಿ ವಿಚಾರಿಸಿದರೆ ಜಿಲ್ಲಾ ಸಂಪನ್ಮೂಲ ವ್ಯಕ್ತಿಯ ನಂಬರು ಸಿಗುತ್ತದೆ. ಅರ್ಜಿ ಹಾಕುವುದರಿಂದ ಬ್ಯಾಂಕಿನವರೆಗೂ ಜೊತೆಗಿರುವುದು ಅವರ ಕೆಲಸ. ಸಬ್ಸಿಡಿ ನಗದಾಗಿ ಕೈಗೆ ಬರುವುದಿಲ್ಲ, ಸಾಲದ ಲೆಕ್ಕಕ್ಕೆ ಜಮೆ ಆಗುತ್ತದೆ. ಅದು ಬರುವವರೆಗೆ ಪೂರ್ತಿ ಸಾಲಕ್ಕೆ ಕಂತು ಕಟ್ಟುವ ಶಕ್ತಿ ಇರಬೇಕು.

ದರ್ಜಿ, ಕುಂಬಾರ, ಬಡಗಿ ಮುಂತಾದ 18 ಕಸುಬಿನವರಿಗೆ 2023ರ ವಿಶ್ವಕರ್ಮ ಯೋಜನೆ ಇದೆ. ಮೊದಲು 1 ಲಕ್ಷ, ಅದು ತೀರಿದ ಮೇಲೆ 2 ಲಕ್ಷ, ಬಡ್ಡಿ ಶೇ. 5. ಇಷ್ಟು ಅಗ್ಗದ ಸಾಲ ಬೇರೆ ಕಡೆ ಹುಡುಕಿದರೂ ಸಿಗುವುದು ಕಷ್ಟ. ಜೊತೆಗೆ ತರಬೇತಿ, ಸಲಕರಣೆಗೆ 15,000. ಒಂದು ಗಂಟಿದೆ. ಐದು ವರ್ಷದೊಳಗೆ ಮುದ್ರಾ ಅಥವಾ ಬೀದಿಬದಿ ವ್ಯಾಪಾರಿಗಳ ಸ್ವನಿಧಿ ಸಾಲ ತೆಗೆದು ಇನ್ನೂ ತೀರಿಸದವರಿಗೆ ಇದು ಸಿಗುವುದಿಲ್ಲ. ಹೊಲಿಗೆಯವರು ಅವಸರದಲ್ಲಿ ಶಿಶು ಸಾಲ ತೆಗೆದು ಇದನ್ನು ಕಳೆದುಕೊಳ್ಳಬಾರದು.

ಬೀದಿಬದಿ ವ್ಯಾಪಾರಿಗಳಿಗೆ ಹೆಚ್ಚು ಯೋಚನೆಯೇ ಬೇಡ, ಸ್ವನಿಧಿಯೇ ಮೊದಲು. 2025ರ ಆಗಸ್ಟ್ ಬದಲಾವಣೆಯ ನಂತರ ಮೊದಲ ಸಾಲ 15,000, ಎರಡನೆಯದು 25,000, ಮೂರನೆಯದು 50,000. ಸರಿಯಾಗಿ ಕಟ್ಟಿದರೆ ವರ್ಷಕ್ಕೆ ಶೇ. 7ರ ಲೆಕ್ಕದಲ್ಲಿ ಬಡ್ಡಿ ವಾಪಸ್. ಪುರಸಭೆ ಅಥವಾ ಪಾಲಿಕೆಯ ಗುರುತಿನ ಚೀಟಿ ಇದ್ದರೆ ಕೆಲಸ ಸಲೀಸು.

ಚಿನ್ನ

ಮನೆಯಲ್ಲಿ ಎರಡು ಬಳೆ ಇದ್ದೂ ಶೇ. 24ಕ್ಕೆ ಸಾಲ ತರುವವರನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ಚಿನ್ನ ಅಡವಿಟ್ಟರೆ ಮರ್ಯಾದೆ ಹೋಗುತ್ತದೆ ಅನ್ನುವ ಭಾವನೆ ಇನ್ನೂ ಇದೆ. ಸರ್ಕಾರಿ ಬ್ಯಾಂಕಿನಲ್ಲಿ ಚಿನ್ನದ ಸಾಲದ ಬಡ್ಡಿ ಫಿನಾನ್ಸ್ ಬಡ್ಡಿಯ ಅರ್ಧಕ್ಕಿಂತಲೂ ಕಡಿಮೆ ಇರುವುದುಂಟು. ದುಡ್ಡು ಅದೇ ದಿನ ಕೈಗೆ. ಖಾಸಗಿ ಚಿನ್ನದ ಸಾಲದ ಕಂಪನಿಗಳಲ್ಲಿ ಗ್ರಾಮಿಗೆ ಜಾಸ್ತಿ ಕೊಡುತ್ತಾರೆ, ಬಡ್ಡಿಯೂ ಜಾಸ್ತಿ, ತಡವಾದಷ್ಟೂ ಏರುತ್ತದೆ. ಬೋರ್ಡಿನ ಮೇಲಿನ ದರ ನೋಡಿ ಒಳಗೆ ಹೋಗಬೇಡಿ, ತಪ್ಪಿದರೆ ಎಷ್ಟು ಅಂತ ಕೇಳಿ.

ಹಬ್ಬಕ್ಕೆ ಮುಂಚೆ ಸರಕು ತುಂಬಿ ಹಬ್ಬದ ನಂತರ ಬಿಡಿಸಿಕೊಳ್ಳುವಂಥ ಮೂರು ನಾಲ್ಕು ತಿಂಗಳ ಅಗತ್ಯಕ್ಕೆ ಇದು ಸರಿಯಾದ ಸಾಲ. ವರ್ಷಗಟ್ಟಲೆ ಬರೀ ಬಡ್ಡಿ ಕಟ್ಟಿ ನವೀಕರಿಸುತ್ತಾ ಹೋದರೆ ಕೊನೆಗೆ ಹರಾಜಿನ ನೋಟಿಸು ಬರುತ್ತದೆ. ಸಾಲ ಪೂರ್ತಿ ತೀರಿಸಿದ 7 ಕೆಲಸದ ದಿನಗಳೊಳಗೆ ಒಡವೆ ವಾಪಸ್ ಕೊಡಬೇಕು, ತಮ್ಮ ಕಡೆಯಿಂದ ತಡವಾದರೆ ದಿನಕ್ಕೆ 5,000 ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕು 2025ರಲ್ಲಿ ಹೊರಡಿಸಿದ ಆದೇಶದಲ್ಲಿದೆ. ಮತ್ತೆ, ಒಡವೆ ಹೆಂಡತಿಯದು, ಸಾಲದ ಖಾತೆ ಗಂಡನದು ಆಗುವುದು ಬೇಡ. ಒಡವೆ ಯಾರದೋ ಚೀಟಿಯೂ ಅವರ ಹೆಸರಲ್ಲೇ ಇರಲಿ.

ಚೀಟಿ, ಪಿಗ್ಮಿ, ಮತ್ತು ಸಾಲವೇ ಬೇಡ ಅನ್ನುವ ದಾರಿ

ಓಣಿಯ ಚೀಟಿ ನಂಬಿಕೆಯ ಮೇಲೆ ನಡೆಯುತ್ತದೆ, ನಡೆಸುವವರು ಊರು ಬಿಟ್ಟರೆ ಕೇಳುವವರಿಲ್ಲ. ಚೀಟಿ ಹಾಕಲೇಬೇಕು ಅಂದರೆ ನೋಂದಣಿ ಆದದ್ದನ್ನು ನೋಡಿ. ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಮೊದಲ ತಿಂಗಳುಗಳಲ್ಲೇ ತುಂಬಾ ಕಡಿಮೆಗೆ ಕೂಗಿ ಎತ್ತಿದರೆ ಅದು ದುಬಾರಿ ಸಾಲವೇ. ಕೊನೆಯವರೆಗೆ ಕಾಯುವವರಿಗೆ ಉಳಿತಾಯ.

ಹದಿನೈದು ಇಪ್ಪತ್ತು ಸಾವಿರದೊಳಗಿನ ವಸ್ತು ಆದರೆ ಸಾಲವನ್ನೇ ಬಿಡಬಹುದು. ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಪಿಗ್ಮಿ 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಮೂಲಕ ಕರಾವಳಿಯಲ್ಲಿ ಹುಟ್ಟಿದ್ದು. ದಿನಕ್ಕೆ ಎರಡಾಣೆ ಉಳಿಸಬಲ್ಲವರೂ ಬ್ಯಾಂಕಿನ ಗಿರಾಕಿಗಳೇ ಅಂತ ಟಿ.ಎಂ.ಎ. ಪೈ ಅವರಿಗೆ ಅನ್ನಿಸಿತ್ತು. ಈಗಲೂ ಸಹಕಾರಿ ಸಂಘಗಳಲ್ಲಿ ಇದು ನಡೆಯುತ್ತದೆ. ಗೃಹಲಕ್ಷ್ಮಿಯ 2,000ವನ್ನು ಎಂಟು ತಿಂಗಳು ಮುಟ್ಟದೆ ಇಟ್ಟರೆ 16,000. ಹೊಲಿಗೆ ಮಷಿನ್ನಿಗೆ ಅಷ್ಟು ಸಾಕು. ಮನೆ ಖರ್ಚಿಗೆ ಅದು ಬೇಕೇ ಬೇಕು ಅನ್ನುವವರಿಗೆ ಈ ಮಾತು ಒಪ್ಪುವುದಿಲ್ಲ ಅಂತ ನನಗೂ ಗೊತ್ತು. ಆದರೆ ಆ ದುಡ್ಡು ತಡವಾಗಿ ಬರುವ ತಿಂಗಳುಗಳೂ ಇರುತ್ತವೆ. ಅದನ್ನೇ ನಂಬಿ ಕಂತು ಒಪ್ಪಿಕೊಳ್ಳುವುದಕ್ಕಿಂತ ಇದು ಮೇಲು.

ಹಸುವಿನವರಿಗೆ ಒಂದು ಮಾತು ಬಾಕಿ ಇದೆ. ಹಸು ಕೊಳ್ಳಲು ಸಂಘದ ಬ್ಯಾಂಕ್ ಸಾಲ ಅಥವಾ ತಿಂಗಳ ಕಂತಿನ ಬ್ಯಾಂಕ್ ಸಾಲ ನೋಡಿ. ಮೇವು ಹಿಂಡಿಗೆ ಹೈನುಗಾರಿಕೆಯ ಕಿಸಾನ್ ಕ್ರೆಡಿಟ್ ಕಾರ್ಡ್ ಇದೆ. 2 ಲಕ್ಷದವರೆಗೆ ಶೇ. 7, ಹೊತ್ತಿಗೆ ಸರಿಯಾಗಿ ಕಟ್ಟಿದರೆ ಶೇ. 4. ಎರಡು ಹಸು ಒಟ್ಟಿಗೆ ತರುವ ಬದಲು ನಾಲ್ಕೈದು ತಿಂಗಳ ಅಂತರದಲ್ಲಿ ತಂದರೆ ಎರಡೂ ಒಟ್ಟಿಗೆ ಬತ್ತುವುದಿಲ್ಲ, ಬಟವಾಡೆಯೂ ನಿಲ್ಲುವುದಿಲ್ಲ.

ಈಗಾಗಲೇ ಮೂರು ನಾಲ್ಕು ಕಡೆ ಕಂತು ಕಟ್ಟುತ್ತಿದ್ದರೆ ಹೊಸ ಸಾಲದ ಮಾತು ಬೇಡ. ಎಲ್ಲ ಸಾಲದ ಅಸಲು, ಬಡ್ಡಿ, ಉಳಿದ ಕಂತು ಒಂದು ಹಾಳೆಯಲ್ಲಿ ಬರೆಯಿರಿ. ಸಂಘದಿಂದಲೋ ಚಿನ್ನದಿಂದಲೋ ಕಡಿಮೆ ಬಡ್ಡಿಗೆ ದುಡ್ಡು ಸಿಕ್ಕರೆ ಅತಿ ದುಬಾರಿ ಸಾಲವನ್ನು ಮೊದಲು ಮುಗಿಸಿ, ಬಾಕಿ ಇಲ್ಲ ಅನ್ನುವ ಪತ್ರ (ಎನ್‌ಒಸಿ) ತೆಗೆದುಕೊಳ್ಳಿ. ಫಿನಾನ್ಸಿನವರು ಹೊತ್ತಲ್ಲದ ಹೊತ್ತಲ್ಲಿ ಬಂದು ಕೂತರೆ, ಬೈದರೆ, ಮೊದಲು ಆ ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹಾಕಬಹುದು, ವಿಚಾರಿಸಲು ನಂಬರು 14448. ಬೆದರಿಕೆ ಹಾಕಿದರೆ 30 ದಿನ ಕಾಯಬೇಕಿಲ್ಲ, ನೇರವಾಗಿ ಪೊಲೀಸ್ ಠಾಣೆಗೆ ಹೋಗಿ.